ರೇಣವ್ವನ ಮಷೀನಿನಿಂದ ಮಾಯವಾದ ಜೆರ್ಸಿ

ಶುಕ್ರವಾರ ಮಧ್ಯಾಹ್ನ ಎರಡರ ಸುಮಾರಿಗೆ ರೇಣವ್ವ ಸಿಂದಗಿಯ ನಮ್ಮ ಓಣಿಯನ್ನು ಓಡುನಡಿಗೆಯಲ್ಲಿ ದಾಟಿ ಬಂದು ಸುನಂದಾ ಅಕ್ಕೋರ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತಳು.

"ಅಕ್ಕೋರ, ಮೊಮ್ಮಗಳ ಜೆರ್ಸಿ ಕಳುವಾಗೇತ್ರಿ. ಐತವಾರ ಮುದ್ದೇಬಿಹಾಳದಾಗ ಆಟ ಐತಿ. ಆ ಕೂಸಿಗೆ ಏನಂತ ಹೇಳಲಿ?"

ಸುನಂದಾ ಅಕ್ಕೋರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ನಾನು, ಪರಪ್ಪ, ಅದೇ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದವನು. ಇಬ್ಬರೂ ನಿವೃತ್ತರಾದ ಮೇಲೆ ಊರಿನವರು ಕಳೆದುಹೋದದ್ದನ್ನು ಹುಡುಕಿಕೊಡಿರೆಂದು ಅಕ್ಕೋರ ಬಳಿ ಬರತೊಡಗಿದರು. ಅವರ ಹಿಂದೆ ಹೋಗುವುದು ನನಗೆ ರೂಢಿಯಾಯಿತು.

"ಮೊದಲಿಂದ ಹೇಳು ರೇಣವ್ವ," ಎಂದರು ಅಕ್ಕೋರು.

ಏಳು ವರ್ಷದ ಸಂಘಮಿತ್ರಾ ಖೋಖೋ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. ತಂಡಕ್ಕೆ ತರಿಸಿದ ಜೆರ್ಸಿಗಳಲ್ಲಿ ತೀರ ಸಣ್ಣದೂ ಅವಳ ಮೊಣಕಾಲು ಮುಟ್ಟುತ್ತಿತ್ತು. ಅದಕ್ಕೇ ರೇಣವ್ವ ದೇವರ ಹಿಪ್ಪರಗಿಯ ಸಂತೆಯಲ್ಲಿ ಅದೇ ನೀಲಿ ಬಟ್ಟೆ ಹುಡುಕಿ ತಂದು, ಹಳದಿ ದಾರದಲ್ಲಿ ಬೆನ್ನಿಗೆ ಒಂಬತ್ತರ ಅಂಕಿ ಕೂರಿಸಿ, ತಾನೇ ಹೊಲಿದಿದ್ದಳು. ಅಂದು ಬೆಳಿಗ್ಗೆ ಅದೇ ಹಳದಿ ದಾರದಲ್ಲಿ ಕಾಲರು ಮುಗಿಸಿ, ಜೆರ್ಸಿಯನ್ನು ಮಷೀನಿನ ಮೇಲೆ ಬಿಟ್ಟು, ಮೊಮ್ಮಗಳಿಗೆ ಬುತ್ತಿ ಕೊಡಲು ಶಾಲೆಗೆ ಹೋಗಿದ್ದಳು. ಬಂದು ನೋಡಿದರೆ ಜೆರ್ಸಿ ಇಲ್ಲ.

"ಯಾರ ಮ್ಯಾಲ ಸಂಶಯ?"

"ಎದುರು ಮನಿ ರಹಿಮಾಬಿ ಮ್ಯಾಲರಿ. ಮುಂಜಾನೆ ಬಂದು, 'ಇದನ್ನ ಕೂಸಿಗೆ ಹಾಕಬ್ಯಾಡವ್ವ' ಅಂದಿದ್ದಳು. ಈಗ ಓಣಿಯಾಗ ನಿಂತು ಕೇಳಿಬಿಟ್ಟೆ. ಆಕಿ ಅಳಕೋತ ಒಳಗ ಹೋದಳು."

ಅಕ್ಕೋರ ಮುಖ ಗಂಟಿಕ್ಕಿತು. "ಮೂವತ್ತು ವರ್ಷದ ನೆರೆ. ಕೇಳೂದಕ್ಕಿಂತ ಮೊದಲ ನೋಡಬೇಕಿತ್ತು. ನಡಿ."

ರೇಣವ್ವನ ಮನೆಯ ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಬರೀ ಚಿಲಕ, ಬೀಗವಿಲ್ಲ. ಅಕ್ಕೋರು ಮಷೀನಿನ ಮುಂದೆ ಕುಳಿತರು.

"ಇವತ್ತು ಯಾರ್ಯಾರು ಬಂದಿದ್ದರು?"

"ರಹಿಮಾಬಿ ಬಿಟ್ಟರ ಆಟದ ಮಾಸ್ತರ ಅನೀಲಕುಮಾರ. ಅಂವ ಬಾಗಿಲತನ ಬಂದು, 'ಮನಿಯಾಗ ಹೊಲಿದದ್ದು ತಂಡದ ಅಂಗಿಗೆ ಹೊಂದತೈತೇನು?' ಅಂತ ಕೇಳಿ ಹೋದರಿ. ರಿಪೇರಿ ಮಾಡೋ ಮೋದಿನಸಾಬ ಎಣ್ಣಿ ಬಿಡಾಕ ಬರ್ತೇನಂದಿದ್ದ, ಇನ್ನೂ ಬಂದಿಲ್ಲ. ಎರಡು ದಿನ ಆತು, ಈ ಮಷೀನು ಕಿರ್ರ್ ಅಂತೈತಿ."

ಅಕ್ಕೋರು ಗಾಲಿ ತಿರುಗಿಸಿದರು. ಅದು ಸದ್ದಿಲ್ಲದೆ ಸುತ್ತಿತು. ಅವರು ಬಾಗಿ ಸೂಜಿಯನ್ನು ನೋಡಿದರು, ಹೊಸದು, ಥಳಥಳಿಸುತ್ತಿತ್ತು.

"ಸೂಜಿ ಯಾವಾಗ ಬದಲಿ ಮಾಡಿದಿ?"

"ದೀಪಾವಳಿಗೆ ಹಾಕಿದ್ದರಿ. ಆಮ್ಯಾಲ ಮುಟ್ಟಿಲ್ಲ."

ಅಕ್ಕೋರು ಟಾಚಣಿಯ, ಅಂದರೆ ಗುಂಡುಸೂಜಿಯ, ಡಬ್ಬಿ ತೆರೆದು ಒಂದನ್ನು ಎತ್ತಿದರು. ಅದರ ಬಾಲಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಅಂಟಿಕೊಂಡು ಬಂದವು. "ನೋಡು ಪರಪ್ಪ," ಎಂದಷ್ಟೇ ಹೇಳಿದರು. ಕೊನೆಗೆ, "ಹಳದಿ ದಾರದ ರೀಲು ಎಲ್ಲೈತಿ?" ಎಂದು ಕೇಳಿದರು. ರೇಣವ್ವ ತಡಕಾಡಿದಳು. ಅದೂ ಇರಲಿಲ್ಲ.

ಅಕ್ಕೋರು ಮೂರು ಚೀಟಿ ಬರೆದು, ಮಡಚಿ, ನನ್ನ ಕೈಗಿಟ್ಟರು. ಒಂದು ರಹಿಮಾಬಿಗೆ, ಒಂದು ಅನೀಲಕುಮಾರರಿಗೆ, ಒಂದು ಮಷೀನು ರಿಪೇರಿಯ ಮೋದಿನಸಾಬನಿಗೆ.

ಸಂಜೆ ಐದಕ್ಕೆ ಎಲ್ಲರೂ ರೇಣವ್ವನ ಪಡಸಾಲೆಯಲ್ಲಿ ಕೂಡಿದೆವು. ರಹಿಮಾಬಿ ಬಾಗಿಲ ಬಳಿಯೇ ನಿಂತಳು. ಮೋದಿನಸಾಬನ ಮಡಿಲಲ್ಲಿ ಒಂದು ಕೈಚೀಲವಿತ್ತು. ಸಂಘಮಿತ್ರಾ ಅಜ್ಜಿಯ ಸೆರಗು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

"ಅಂಗಿ ಬೇಕಾದವರು ಅಂಗಿ ಒಯ್ಯತಾರ," ಎಂದು ಅಕ್ಕೋರು ಶುರು ಮಾಡಿದರು. "ದಾರದ ರೀಲು ಯಾಕ ಒಯ್ಯತಾರ? ಬಿಚ್ಚಿ ಮತ್ತ ಹೊಲಿಬೇಕು, ಅದಕ್ಕ. ಅನೀಲಕುಮಾರರಿಗೆ ಗುಂಡಿ ಹಚ್ಚಾಕೂ ಬರೂದಿಲ್ಲ."

"ಖರೇನರಿ," ಎಂದರು ಅನೀಲಕುಮಾರ.

"ರಹಿಮಾಬಿ, ನೀ ಬ್ಯಾಡ ಅಂದದ್ದು ಯಾಕ?"

"ಕಾಲರಿನ ಹೊಲಿಗಿ ಸೊಟ್ಟ ಬಿದ್ದಿತ್ತರಿ," ಎಂದಳು ರಹಿಮಾಬಿ ತಗ್ಗಿದ ದನಿಯಲ್ಲಿ. "ಮಂದಿ ನಕ್ಕರ ಕೂಸು ನೊಂದಕೊಳ್ಳತೈತಿ ಅಂತ ಹೇಳಿದೆ. ಈಕಿ ಕೈ ಹಿಂಗ ಎಂದೂ ತಪ್ಪಿದ್ದಿಲ್ಲ."

ಅಕ್ಕೋರು ಮುಂದುವರಿಸಿದರು. "ಕಿರ್ರ್ ಅನ್ನೋ ಮಷೀನು ಸುಮ್ಮನಾಗಿತ್ತು. ಅಂದರ ಯಾರೋ ಬಂದು ಎಣ್ಣಿ ಬಿಟ್ಟಾರ. ಸೂಜಿ ಹೊಸದಾಗಿತ್ತು. ಹಳೇದು ಮುರಿದಿರಬೇಕು. ಟಾಚಣಿ ಒಂದಕ್ಕೊಂದು ಅಂಟಿದ್ದವು; ಚುಂಬಕ ತಾಗಿದ ಉಕ್ಕು ತಾನೂ ಚುಂಬಕ ಆಗತೈತಿ. ಮುರಿದ ಮೊನಿ ಡಬ್ಬಿಯಾಗ ಬಿದ್ದೈತೇನು ಅಂತ ಯಾರೋ ಚುಂಬಕ ಆಡಿಸಿ ಹುಡುಕ್ಯಾರ. ಅಲ್ಲಿ ಸಿಗಲಿಲ್ಲ. ಹಂಗಾದರ ಅದು ಇರೂದು ಒಂದ ಕಡೆ, ಹೊಲಿದ ಬಟ್ಟಿಯೊಳಗ. ಎಣ್ಣಿ, ಸೂಜಿ, ಚುಂಬಕ, ಹೊಲಿಗಿ, ಇವು ನಾಲ್ಕೂ ಕೂಡೂದು ಒಬ್ಬರ ಪೆಟಗಿಯಾಗ. ಹೌದಲ್ಲೊ ಮೋದಿನ?"

ಮೋದಿನಸಾಬ ಕೈಚೀಲದಿಂದ ನೀಲಿ ಜೆರ್ಸಿ, ಹಳದಿ ದಾರದ ರೀಲು ತೆಗೆದು ರೇಣವ್ವನ ಮುಂದಿಟ್ಟ. ಕಾಲರು ಹೊಸದಾಗಿ, ಗೆರೆ ಎಳೆದಷ್ಟು ನೇರವಾಗಿ ಹೊಲಿದಿತ್ತು. ಆಮೇಲೆ ಕಾಗದದ ಪೊಟ್ಟಣ ಬಿಚ್ಚಿದ. ಅದರಲ್ಲಿ ಜೋಳದ ಕಾಳಿಗಿಂತ ಚಿಕ್ಕದೊಂದು ಸೂಜಿಮೊನೆ ಇತ್ತು.

"ಕಾಲರಿನ ಮಡಿಕ್ಯಾಗ ಇತ್ತರಿ. ಸರಿಯಾಗಿ ಕುತ್ತಿಗಿ ಹಿಂದ," ಎಂದ. "ಹಿತ್ತಲ ಕಡಿಂದ ಬಂದಿದ್ದೆ. ಸಂಜಿಗೆ ಸುಮ್ಮನ ತಂದಿಟ್ಟು ಹೋಗಬೇಕು ಅಂತಿದ್ದೆ. ರಹಿಮಾಬಿ ಮ್ಯಾಲ ಮಾತು ಬರತೈತಿ ಅಂತ ಗೊತ್ತಿದ್ದಿಲ್ಲರಿ."

"ಹೇಳಬಾರದಿತ್ತೇನೋ?" ಎಂದಳು ರೇಣವ್ವ.

"ಹೆಂಗ ಹೇಳಲಿ ಅಕ್ಕಾ? ನಮ್ಮ ಊರು ಹಳೇ ಕೊಲ್ಹಾರ ಡ್ಯಾಮಿನ ನೀರಾಗ ಮುಳುಗಿ ಹೋದಾಗ ನಾ ಬರೇ ಪೆಟಗಿ ಹಿಡಕೊಂಡು ಈ ಊರಿಗೆ ಬಂದೆ. ಕುಂತು ಕೆಲಸ ಮಾಡಾಕ ನಿನ್ನ ಕಟ್ಟಿ ಮ್ಯಾಲ ಜಾಗ ಕೊಟ್ಟಾಕಿ ನೀನು. ನಿನ್ನ ಕೈಯಿಂದ ಮೊಮ್ಮಗಳಿಗೆ ಸೂಜಿ ಚುಚ್ಚತಿತ್ತು ಅಂತ ನನ್ನ ಬಾಯಿಲೆ ಹೆಂಗ ಬರಬೇಕು?"

"ಅದಕ್ಕ ನಾ ಹೇಳಾಕತ್ತೇನಿ," ಎಂದರು ಅಕ್ಕೋರು ಮೆತ್ತಗೆ. "ರೇಣವ್ವ, ಊರ ಮಕ್ಕಳ ಸಾಲಿ ಅಂಗಿನೂ ನೀನ ಹೊಲಿತಿ. ಮೊನಿ ಮುರಿದದ್ದು ನಿನಗ ಕಾಣಲಿಲ್ಲ. ಎಷ್ಟು ದಿನದಿಂದ ಕಣ್ಣು ಮಂಜು?"

ರೇಣವ್ವ ಪೊಟ್ಟಣದ ಸೂಜಿಮೊನೆಯನ್ನು ಬೆರಳಿನಿಂದ ತಡವಿ ನೋಡಿದಳು. "ಶ್ರಾವಣದಿಂದರಿ. ಮಷೀನು ಬಿಡು ಅಂತಾರ ಅಂತ ಯಾರಿಗೂ ಹೇಳಿದ್ದಿಲ್ಲ." ಮೊಮ್ಮಗಳ ಕುತ್ತಿಗೆಯ ಹಿಂಭಾಗವನ್ನು ಒಮ್ಮೆ ಸವರಿದಳು. ಆಮೇಲೆ ಎದ್ದು ಬಾಗಿಲಿಗೆ ಹೋಗಿ ರಹಿಮಾಬಿಯ ಎರಡೂ ಕೈ ಹಿಡಿದಳು.

"ಓಣಿಯಾಗ ಅಂದೆ, ಓಣಿಯಾಗ ನಿಂತ ತಪ್ಪಾತು ಅಂತೇನಿ. ಬಾ."

"ಓಣಿ ಇರಲಿ," ರಹಿಮಾಬಿ ಕಣ್ಣೊರೆಸಿಕೊಂಡಳು. "ಮೊದಲ ಕಣ್ಣು ತೋರಸು. ನಾನೂ ಬರ್ತೇನಿ."

"ಮಂಗಳವಾರ ಹೋಗೂಣು," ಎಂದಳು ರೇಣವ್ವ. ಮೋದಿನಸಾಬನ ಕಡೆ ತಿರುಗಿ ಅವನ ತಲೆಯ ಮೇಲೆ ಕೈಯಿಟ್ಟಳು, ಅಷ್ಟೆ. ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿ ಕನ್ನಡಕ ಒರೆಸತೊಡಗಿದರು.

ಐತವಾರ ನಾವೆಲ್ಲ ಒಂದೇ ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಹೋದೆವು. ನೀಲಿ ಜೆರ್ಸಿಗಳ ಗುಂಪಿನಲ್ಲಿ ರೇಣವ್ವನಿಗೆ ಯಾವುದು ತನ್ನ ಕೂಸೆಂದು ಗುರುತು ಹತ್ತಲಿಲ್ಲ. ಮೋದಿನಸಾಬ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಆಟ ಮುಗಿಯುವವರೆಗೂ ಕಿವಿಯ ಬಳಿ ಹೇಳುತ್ತಲೇ ಇದ್ದ: "ಈಗ ಒಳಗ ಬಂದಳು ಅಕ್ಕಾ... ಎಡಕ್ಕ ಹೊಳ್ಳಿದಳು... ಸಿಗಲಿಲ್ಲ, ಸಿಗಲಿಲ್ಲ, ಇನ್ನೂ ಓಡಾಕತ್ತಾಳ!"