ಡಾಕ್ಟರು ತಿಳಿದುಕೊಂಡದ್ದು

ತಪ್ಪು ಡಾಕ್ಟರದ್ದೇ. ಹೋದ ವರ್ಷ ಮೊದಲ ಸಲ ಕರೆದಾಗ, "ಬರ್ರಿ ರಮಾಕಾಂತರಾಯರ, ನಿಮ್ಮ ಮನಿಯವರನ್ನೂ ಒಳಗ ಕರಕೊಂಡ ಬರ್ರಿ" ಅಂದುಬಿಟ್ಟರು. ಧಾರವಾಡದ ಮಾಳಮಡ್ಡಿಯವರು ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವುದಿಲ್ಲ. ಡಾಕ್ಟರ ಮಾತು ಮುಗಿಯುವ ಹೊತ್ತಿಗೆ ಮೈತ್ರೇಯಿಬಾಯಿ ಕುರ್ಚಿಯಲ್ಲಿ ಕೂತಾಗಿತ್ತು. ಕೂತ ಮೇಲೆ, ನಾನು ಹೆಂಡತಿಯಲ್ಲ ಅಂತ ಎದ್ದು ನಿಲ್ಲುವುದು ಹೇಗೆ?

ಅವರು ಮಾಳಮಡ್ಡಿಯಲ್ಲಿ ರಾಯರ ಎದುರು ಮನೆಯವರು, ಆಸ್ಪತ್ರೆಗೆ ಜೊತೆಗೆಂದು ಬಂದವರು. ವಯಸ್ಸು ಅರವತ್ತೈದು, ವಿಧವೆ. ರಾಯರಿಗೆ ಎಪ್ಪತ್ತೆರಡು, ವಿಧುರ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಬ್ಬರೂ ಗಂಡ-ಹೆಂಡತಿ. ವಾಪಸು ಧಾರವಾಡಕ್ಕೆ ಚಿಗರಿ ಎಂಬ ಏಸಿ ಬಸ್ಸು ಹತ್ತಿದರೆ ಅಪರಿಚಿತರು. ಬಾಯಿಯವರು ಹೆಂಗಸರ ಸೀಟಿನಲ್ಲಿ, ಪಕ್ಕದಲ್ಲಿ ಅವರ ಬ್ಯಾಗು. ರಾಯರು ಹಿಂದಿನ ಸೀಟಿನಲ್ಲಿ.

ಇವತ್ತು ಡಾಕ್ಟರ್ ಶಿವಯೋಗೀಶ ರಿಪೋರ್ಟು ಮಡಚಿಟ್ಟರು. "ಪ್ರಾಸ್ಟೇಟಿನ್ಯಾಗಿನ ಈ ಕ್ಯಾನ್ಸರ್ ಗಂಟು ಭಾಳ ನಿಧಾನದ್ದು. ತ್ರಾಸ ಕೊಡಬೇಕಂದ್ರ ಹತ್ತು ವರ್ಷ ಹಿಡಿದೀತು. ಅಲ್ಲೀತನಕ ನಿಮ್ಮ ಹಾರ್ಟ್ ತಡೀತೈತಿ ಅಂತ ಹೇಳಾಕ ಆಗೂದಿಲ್ಲ. ಹಾರ್ಮೋನ್ ಇಂಜೆಕ್ಷನ್ ಕೊಟ್ರ ಗಂಟು ಕುಗ್ಗತೈತಿ, ಆದ್ರ ಹಾರ್ಟಿಗೆ ಭಾರ."

"ಅಂದ್ರ ಗಂಟಿನ ಕೈಯಿಂದ ಬಿಡಿಸಿ ಹಾರ್ಟಿನ ಕೈಗೆ ಒಪ್ಪಸೋದು," ಎಂದರು ರಾಯರು. "ಹಂಗ ಬಿಟ್ರ?"

"ಬರೇ ಕಣ್ಣಿಡೂದು. ಮೂರು ತಿಂಗಳಿಗೊಮ್ಮೆ ಟೆಸ್ಟ್. ಒಳಗ ಗಂಟೈತಿ ಅನ್ನೂ ಹೆದರಿಕಿ ಮಾತ್ರ ಇರತೈತಿ." ಡಾಕ್ಟರು ಕೆಮ್ಮಿದರು. "ಇನ್ನೊಂದು. ಇಂಜೆಕ್ಷನ್ ತಗೊಂಡ್ರ ಗಂಡ-ಹೆಂಡತಿ... ಆ ಆಸಕ್ತಿ ಹೋಗತೈತಿ. ಅದಕ್ಕ ಬಾಯಾರ್ನೂ ಕೇಳಬೇಕು. ಹೇಳ್ರಿ ಬಾಯಾರ, ನಡದೀತೇನು?"

ಮೈತ್ರೇಯಿಬಾಯಿ ಗೋಡೆಯ ಮೇಲಿನ ಕಿಡ್ನಿಯ ಚಿತ್ರವನ್ನು ನಾಳೆ ಪರೀಕ್ಷೆ ಇದ್ದವರಂತೆ ನೋಡಿದರು. ರಾಯರು ತಮ್ಮ ಚಪ್ಪಲಿಯನ್ನು ಅಷ್ಟೇ ಶ್ರದ್ಧೆಯಿಂದ ನೋಡುತ್ತಿದ್ದರು. ಹೆಂಡತಿಯಲ್ಲ ಎಂದರೆ ಒಂದು ವರ್ಷದ ಸುಳ್ಳು ಹೊರಬಿತ್ತು. ನಡೆದೀತು ಎಂದರೆ ರಾಯರ ಹೃದಯಕ್ಕೆ ಕುತ್ತು. ನಡೆಯದು ಎಂದರೆ... ಎದ್ದು ಹೋಗೋಣವೆಂದರೆ ಬಾಗಿಲಿಗೆ ಅಡ್ಡವಾಗಿ ರಾಯರ ಕುರ್ಚಿ.

"ಇಂಜೆಕ್ಷನ್ ಬ್ಯಾಡ್ರಿ," ಎಂದಿತು ಮೈತ್ರೇಯಿಬಾಯಿಯ ಬಾಯಿ, ಅವರನ್ನು ಕೇಳದೆ.

"ನಂದೂ ಅದೇ ಮಾತು," ಎಂದರು ರಾಯರು ಚಪ್ಪಲಿಗೆ.

ಬಸ್ಸು ನವನಗರ ದಾಟಿತು. ಹಿಂದಿನ ಸೀಟಿನಿಂದ ರಾಯರ ದನಿ ಬಂತು.

"ಬ್ಯಾಡ ಅಂದದ್ದು ಹಾರ್ಟಿನ ಸಲುವಾಗಿ ಹೌದಲ್ರೀ?"

"ಮತ್ತ್ಯಾತರ ಸಲುವಾಗ್ರಿ?" ಬಾಯಿಯವರು ತಿರುಗಲಿಲ್ಲ. ಆದರೆ ಕೆಂಪಾದ ಕಿವಿ ಹಿಂದಿನ ಸೀಟಿಗೇ ಚೆನ್ನಾಗಿ ಕಾಣುತ್ತದೆ.

"ಸುಮ್ಮನ ಕೇಳಿದೆ." ರಾಯರು ಮುಂದಕ್ಕೆ ಬಾಗಿದರು. "ಡಾಕ್ಟರ್ ತಿಳಕೊಂಡದ್ದನ್ನ ಖರೇ ಮಾಡಿಬಿಡೋಣೇನ್ರಿ?"

ಕಿಟಕಿಯ ಗಾಜಿನಲ್ಲಿ ರಾಯರ ಕಣ್ಣುಗಳು ಬಾಯಿಯವರನ್ನೇ ನೋಡುತ್ತಿದ್ದವು. ಆ ಗಾಜು ಸರಿಯುವುದಿಲ್ಲ. ಬಾಗಿಲೂ ಸ್ಟೇಷನ್ ಬಂದ ಹೊರತು ತೆರೆಯುವುದಿಲ್ಲ.

"ಒಮ್ಮೆ ಕುಂಕುಮ ಅಳಿಸಿಕೊಂಡೀನಿ. ಇನ್ನೊಮ್ಮೆ ಅಳಿಸಿಕೋ ಅಂತೀರೇನು?"

"ಗ್ಯಾರಂಟಿ ಕೊಡ್ಲಿಕ್ಕೆ ನನ್ನ ಕಡೆ ಏನೂ ಇಲ್ರಿ. ಗಂಟು ಅದ, ಹಾರ್ಟ್ ಅದ, ಯಾವುದರ ಪಾಳಿ ಮೊದಲೋ ಗೊತ್ತಿಲ್ಲ. ನಾ ಅಂಥಾ ಛಲೋ ಔಷಧ ಅಲ್ಲ. ಸೈಡ್ ಎಫೆಕ್ಟ್ ಭಾಳ."

ಬಾಯಿಯವರಿಗೆ ನಗು ಬಂತು. ಹಿಂದೆಯೇ, ಯಾರೂ ಕರೆಯದಿದ್ದರೂ, ಕಣ್ಣೀರು. ಬೇಡ ಎಂದುಬಿಟ್ಟರೆ ದುಃಖ ತಪ್ಪುತ್ತದೆಯೇ? ಎದುರು ಮನೆಯ ಬಾಗಿಲಲ್ಲಿ ಜನ ಸೇರಿದ ದಿನ, ತಮ್ಮ ಕಟ್ಟೆಯ ಮೇಲೆ ನೆರೆಮನೆಯವರಾಗಿ ನಿಂತು, ನೆರೆಮನೆಯವರು ಅಳುವಷ್ಟೇ ಅಳಬೇಕು. ಆ ದುಃಖಕ್ಕೆ ಯಾವ ಇಂಜೆಕ್ಷನ್ನೂ ಇಲ್ಲ.

ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. "ಬರ್ರಿ. ಇಲ್ಲೇ ಕೂಡ್ರಿ."

ರಾಯರು ಬಂದು ಕೂತರು. ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದವರು ಅವರದೇ ಓಣಿಯ ಗೋದಾಬಾಯಿ. ಅವರಿದ್ದ ಓಣಿಗೆ ಬೇರೆ ಪೇಪರು ಬೇಕಿಲ್ಲ.

"ಅಯ್ಯ ರಾಯರ, ಅದು ಹೆಂಗಸರ ಸೀಟ್ ಅದರೀ!"

ರಾಯರು ಅಭ್ಯಾಸಬಲದಿಂದ ಅರ್ಧ ಎದ್ದರು. ಮೈತ್ರೇಯಿಬಾಯಿ ತೋಳು ಹಿಡಿದು ಕೂರಿಸಿದರು.

"ಇರ್ಲಿ ಬಿಡ್ರಿ ಗೋದಾಬಾಯಿ. ನಮ್ಮನಿಯವರಿಗೆ ಹಾರ್ಟಿನ ತ್ರಾಸ ಅದ."

ಗೋದಾಬಾಯಿಯ ಬಾಯಿ ತೆರೆಯಿತು. ಬಸ್ಸಿನ ಬಾಗಿಲು ಮುಚ್ಚಿತು.