ಅಂಚಿನಲ್ಲಿ ಬರೆದ ‘ಕೂಲ್ಲಿ’

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳು ಅವನಿಗಿಟ್ಟಿದ್ದ ಹೆಸರು ಫ್ರಿಜ್. ಪರದೇಶದ ಧಾರಾವಾಹಿಯೊಂದಕ್ಕೆ ಅವನು ಕನ್ನಡದ ಮಾತು ಬರೆಯುತ್ತಿದ್ದ, ನಾಯಕಿಗೆ ಅವಳು ದನಿ ಕೊಡುತ್ತಿದ್ದಳು. ಹೇಗೆ ಹೇಳಬೇಕೆಂದು ಸಾಲಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದೇ ಇಂಗ್ಲಿಷ್ ಪದ: ‘ಕೂಲ್ಲಿ’. ಗಂಡ ಬಿಟ್ಟುಹೋದರೂ ಕೂಲ್ಲಿ, ಮನೆಗೆ ಬೆಂಕಿ ಬಿದ್ದರೂ ಕೂಲ್ಲಿ.

“ಇದೇನಮ್ಮಾ, ದಿನಗೂಲಿನಾ?” ಎನ್ನುತ್ತಿದ್ದರು ಗಾಜಿನಾಚೆ ದನಿ ಅಳೆಯುವ ಮೀಟರಿನ ಮುಂದೆ ಕೂತ ಸೌಂಡ್ ಅಂಕಲ್.

“ಭಾವನೆ ತೋರಿಸದೆ ತಣ್ಣಗೆ ಹೇಳೋದು, ಅಂಕಲ್. ಬರೆದೋರೇ ಹಾಗಲ್ವಾ?” ಎಂದು ಅವಳು ಗದ್ದ ಒಳಗೆಳೆದು ಅವನ ದನಿ ಅಣಕಿಸುತ್ತಿದ್ದಳು: “ಪರವಾಗಿಲ್ಲ. ಇನ್ನೊಂದು ಟೇಕ್.”

ಇವತ್ತು ಕೊನೆಯ ಕಂತು. ಎಂಟು ತಿಂಗಳು ಅವನ ಮಾತನ್ನೇ ಆಡಿದವಳಿಗೆ ಅವನ ಬಾಯಿಂದ ತನ್ನದೆನ್ನುವ ಒಂದು ಮಾತೂ ಸಿಕ್ಕಿರಲಿಲ್ಲ. ನಾಳೆಯಿಂದ ಬರಲು ನೆಪವೂ ಇಲ್ಲ. ಬೆಳಿಗ್ಗೆ, “ಇವತ್ತೇ ಕೊನೆ ಅಲ್ವಾ?” ಎಂದು ಕಣ್ಣರಳಿಸಿ ಕೇಳಿದ್ದಕ್ಕೆ, “ಹೌದು” ಎಂದು ಹಾಳೆಗಳ ಕಟ್ಟನ್ನು ಕೈಗಿಟ್ಟಿದ್ದ. ಕೂಲ್ಲಿ.

ಬಂದ ಅಳುವನ್ನು ನುಂಗಿ ಅವಳು ಮೈಕಿನ ಮುಂದೆ ನಿಂತು ಹಾಳೆ ಮಗುಚಿ ಓದಿದಳು:

“ನೀವು ನಕ್ಕರೆ ಸೌಂಡ್ ಅಂಕಲ್ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತೆ. ನನ್ನ ಎದೆಯದ್ದೂ.”

ಪರದೆಯ ಮೇಲೆ ನಾಯಕಿ ಬಾಯಿ ಮುಚ್ಚಿಕೊಂಡು ಸೂಟ್‌ಕೇಸ್ ತುಂಬುತ್ತಿದ್ದಳು.

“ತುಟಿ ಕೂಡ್ತಿಲ್ವಲ್ಲಮ್ಮಾ!” ಅಂಕಲ್ ಕೂಗಿದರು. “ಅಲ್ಲಾ, ಆ ಕಥೆಯೊಳಗೆ ನಾನ್ಯಾವಾಗ ಹೊಕ್ಕೆ?”

ಅವಳ ಕಣ್ಣು ಮುಂದಿನ ಸಾಲಿಗೆ ಜಾರಿತು. ‘ನಾಳೆಯೂ ಬರ್ತೀರಾ? ಕೆಲಸ ಇಲ್ಲದಿದ್ರೂ? ನನಗೋಸ್ಕರ?’ ಅಂಚಿನಲ್ಲಿ ಪೆನ್ಸಿಲ್ಲು: ‘ಕೂಲ್ಲಿ. ಕೈ ಜೇಬಿನಲ್ಲಿರಲಿ, ನಡುಗೋದು ಕಾಣಬಾರದು.’

ಮಹಾಶಯ ತನಗೆ ತಾನೇ ಬರೆದುಕೊಂಡ ಸಂಭಾಷಣೆ! ಕಟ್ಟಿನೊಳಗೆ ಸೇರಿಹೋಗಿತ್ತು.

ಗಾಜಿನಾಚೆ ಅಂಕಲ್ ಪಕ್ಕ ಕೂತಿದ್ದ ಫ್ರಿಜ್ಜಿನ ಕಿವಿ ಕೆಂಡವಾಗಿತ್ತು. ಎದ್ದ ರಭಸಕ್ಕೆ ಕುರ್ಚಿ ಉರುಳಿಸಿ, ನೆಲದ ಕೇಬಲ್ಲಿಗೆ ಎಡವಿ, ಬಾಗಿಲು ತಳ್ಳಿಕೊಂಡು ಬಂದ.

“ಅದು... ಹಾಳೆ... ತಪ್ಪಿ...”

ಅವಳು ಅವನ ಜೇಬಿನ ಪೆನ್ಸಿಲ್ಲನ್ನೇ ಎಳೆದು ಅಂಚಿನ ‘ಕೂಲ್ಲಿ’ಯನ್ನು ಹೊಡೆದುಹಾಕಿದಳು. ಹಾಳೆಯನ್ನು ಅವನ ಕೈಗಿಟ್ಟು, ಗದ್ದ ಒಳಗೆಳೆದು, ಅವನದೇ ದನಿಯಲ್ಲಿ ಅಂದಳು: “ಪರವಾಗಿಲ್ಲ. ಇನ್ನೊಂದು ಟೇಕ್.”

ಅವನು ಹಾಳೆ ನೋಡಲಿಲ್ಲ. ಕೈ ಜೇಬಿಗೂ ಹೋಗಲಿಲ್ಲ, ಎಲ್ಲರ ಕಣ್ಣೆದುರೇ ನಡುಗುತ್ತಿತ್ತು.

“ನಾಳೆ... ನಾಳೆಯೂ ಬರ್ತೀರಾ? ನಂಗೋಸ್ಕರ?” ದನಿ ಮೂರು ಕಡೆ ಒಡೆಯಿತು.

ತಾನಾದರೂ ತಣ್ಣಗೆ ಹೇಳಬೇಕೆಂದುಕೊಂಡಳು. “ಬರ್ತೀನಿ” ಎನ್ನುವಷ್ಟರಲ್ಲಿ ನಗು ಉಕ್ಕಿಬಿಟ್ಟಿತು.

ಗಾಜಿನಾಚೆ ಮುಳ್ಳು ಕೆಂಪಿಗೆ ಹಾರಿತು.

“ಮೈಕ್ ಆನ್ ಇದೆ ಕಣ್ರಪ್ಪಾ!” ಅಂಕಲ್ ಕಣ್ಣೊರೆಸಿಕೊಂಡರು. “ಟೇಕ್ ಓಕೆ!”