ನಾಲ್ಕನೇ ತಾಕಿನ ಬೊಡ್ಡೆಗಳು

ಶ್ರಾವಣದ ಮೊದಲ ಭಾನುವಾರ ಬೆಳಿಗ್ಗೆ ಉಚ್ಚಂಗೆಪ್ಪ ಮೇಷ್ಟ್ರು ಹಂಪಕ್ಕನ ಮನೆಗೆ ಬಂದಾಗ ಅವರ ಕೈಯಲ್ಲಿ ಒಂದು ಗೋಣಿಚೀಲವಿತ್ತು. ಅದರಿಂದ ಅವರು ಹೊರತೆಗೆದದ್ದು ಸೀಳಿದ ಮರದ ಬೊಡ್ಡೆಯ ಒಂದು ಹೋಳು. ಅದನ್ನು ಚಾಪೆಯ ಮೇಲೆ ಇಟ್ಟರು.

“ಇದನ್ನ ಯಾರೋ ಸಾಯಿಸ್ಯಾರ, ಹಂಪಕ್ಕಾರ. ಇದೊಂದ ಅಲ್ಲ. ಹತ್ತಿರ ಹತ್ತಿರ ನಾನೂರು.”

ಮೂಲೆಯಲ್ಲಿ ಕೂತು ಪ್ಯಾಂಟಿನ ದಾರ ಕತ್ತರಿಸುತ್ತಿದ್ದ ಮಂಜುಳ ಕತ್ತರಿ ಕೆಳಗಿಟ್ಟಳು. ರಾಯದುರ್ಗದಲ್ಲಿ ಆಗ ಓಣಿಗೊಂದು ಜೀನ್ಸ್ ಯೂನಿಟ್ಟು. ಅಂಥ ಒಂದು ಯೂನಿಟ್ಟಿನ ಚೆಕಿಂಗ್ ಟೇಬಲ್ಲಿನಲ್ಲಿ ಹಂಪಕ್ಕ ಹದಿನಾಲ್ಕು ವರ್ಷದಿಂದ ನಿಂತಿದ್ದಳು. ತಪ್ಪಿದ ಒಂದು ಹೊಲಿಗೆ ನೋಡಿ ಅದು ಯಾರ ಕೈಯದು, ಆ ದಿನ ಅವರಿಗೆ ಜ್ವರವಿತ್ತೋ ಜಗಳವಿತ್ತೋ ಎಂದು ಹೇಳಬಲ್ಲಳು ಎಂಬ ಮಾತು ಹಬ್ಬಿತ್ತು. ಮೊದಲು ಯೂನಿಟ್ಟಿನ ಕಳವು, ಆಮೇಲೆ ಓಣಿಯ ಕಳವು, ಈಗೀಗ ಸುತ್ತಲ ಹಳ್ಳಿಗಳ ಗೋಳೂ ಆ ಮನೆಯ ಬಾಗಿಲಿಗೆ ಬರುತ್ತಿತ್ತು. ಎಲ್ಲ ಪತ್ತೆಯಲ್ಲೂ ಜೊತೆಗಿರುತ್ತಿದ್ದವಳು ಅದೇ ಯೂನಿಟ್ಟಿನ ಟೈಲರ್ ಮಂಜುಳ. ಅವಳ ಹತ್ತಿರ ಮೊಪೆಡ್ ಇತ್ತು. ಕೇಳಬಾರದ್ದನ್ನು ಕೇಳದಿರುವ ತಾಳ್ಮೆಯೂ ಇತ್ತು.

ಮೇಷ್ಟ್ರು ಕತೆ ಹೇಳಿದರು. ಡಿ. ಹಿರೇಹಾಳ್ ಕಡೆಯ ಕರೇಕಲ್ಲು ಎಂಬ ಊರಿನ ಪಕ್ಕದಲ್ಲಿ ಅವರ ಅಜ್ಜನ ಕಾಲದ ತೊಂಬತ್ತು ಎಕರೆ ಪಟ್ಟಾ ಗುಡ್ಡವಿತ್ತು. ಮೈತುಂಬ ತುಗ್ಗಲಿ, ಕಮರ, ಸೀತಾಫಲದ ಮರಗಳು. ನಾಲ್ಕು ವರ್ಷದ ಹಿಂದೆ ಕಲ್ಲು ಒಡೆಯುವ ಕಂಪನಿಯವರು ಅದನ್ನು ಕೇಳಿದಾಗ ಮೇಷ್ಟ್ರು ಕೊಡಲಿಲ್ಲ. ಊರಿನ ಅರವತ್ತು ಮನೆಗಳ ಜೊತೆ ಒಂದು ಕರಾರು ಮಾಡಿಕೊಂಡರು. ಗುಡ್ಡವನ್ನು ಎಂಟು ತಾಕು ಮಾಡಿ, ವರ್ಷಕ್ಕೊಂದು ತಾಕನ್ನು ಮಾತ್ರ ಕಡಿಯುವುದು. ಸಣ್ಣ ಮರಗಳನ್ನು ಬುಡದ ಹತ್ತಿರ ಓರೆಯಾಗಿ ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರು ಬರುತ್ತದೆ. ಎಂಟು ವರ್ಷಕ್ಕೆ ಸರದಿ ತಿರುಗುವಷ್ಟರಲ್ಲಿ ಮರ ಮೊದಲಿನಂತೆ ನಿಂತಿರುತ್ತದೆ. ಬೀಜಕ್ಕೆಂದು ಬಿಟ್ಟ ದೊಡ್ಡ ಕಮರದ ಮರಗಳನ್ನು ಮಾತ್ರ ಯಾವತ್ತೂ ಮುಟ್ಟುವಂತಿಲ್ಲ. ಸೌದೆ, ಹುಲ್ಲು, ಹಣ್ಣು ಊರಿಗೆ, ಕಾವಲೂ ಊರಿನದೇ.

“ಮೂರು ತಾಕು ಕಣ್ಣು ತುಂಬೋ ಹಂಗ ಚಿಗುರಿದುವು. ಮಾಘದಾಗ ಕಡಿದ ನಾಲ್ಕನೇದು ಮಾತ್ರ ಒಂದು ಎಲಿ ಬಿಡಲಿಲ್ಲ. ಒಂದು ತಾಕು ಚಿಗುರದಿದ್ದರ ಮುಂದಿನದಕ್ಕ ಕೊಡಲಿ ಇಡಬಾರದು ಅಂತ ಕರಾರಿನಾಗ ಐತಿ. ಊರೋರು ಕುರಿ ಕಾಯೋ ಪಾಲಯ್ಯನ ಮ್ಯಾಲೆ ಹೇಳ್ತಾರ. ನನ್ನ ಅಳಿಯ ಮುತ್ತುರಾಜ, ಊರೋರಿಗೆ ಕಡಿಯಾಕ ಬರಂಗಿಲ್ಲ, ಗುಡ್ಡ ಮಾರ್ರಿ ಅಂತಾನ. ಊರಾಗ ಕೆಲವರು ನನ್ನ ಅಳಿಯನ ಮ್ಯಾಲೂ ಅನುಮಾನ ಪಡ್ತಾರ. ಬರೋ ಭಾನುವಾರ ಕಂಪನಿಯವರು ಮತ್ತ ಬರ್ತಾರ. ಯಾರನ್ನ ನಂಬಬೇಕು ಅಂತ ತಿಳೀವಲ್ದು.”

ಹಂಪಕ್ಕ ಹೋಳನ್ನು ಬೆಳಕಿಗೆ ಹಿಡಿದಳು. ಕಡಿದ ತಲೆಯಿಂದ ಕಪ್ಪು ಗೆರೆಗಳು ಕೆಳಕ್ಕೆ ಇಳಿದಿದ್ದವು. ಬುಡದ ಕಡೆ ಇಳಿದಂತೆ ತೆಳುವಾಗಿದ್ದವು. “ಮಂಜು, ಗಾಡಿ ತಗಿ,” ಎಂದಳು.

ಗುಡ್ಡದ ಬುಡದಲ್ಲಿ ಅವರನ್ನು ಎದುರುಗೊಂಡವಳು ಸುಂಕಲಮ್ಮ, ಮರ ಕಡಿಯುವ ಹೆಂಗಸರ ಮುಂದಾಳು. ಬಂದವರು ಮೇಷ್ಟ್ರ ಕಡೆಯವರೆಂದು ತಿಳಿದು ಅವಳ ಮುಖ ಬಿಗಿಯಿತು.

“ನಮ್ಮ ತಪ್ಪು ಹುಡುಕಾಕ ಬಂದೀರೇನ್ರಿ?”

“ತಪ್ಪು ಎಲ್ಲೈತಿ ಅಂತ ಹುಡುಕಾಕ ಬಂದೀನಿ. ಯಾರದಂತ ಆಮ್ಯಾಲೆ ನೋಡೋಣ,” ಎಂದಳು ಹಂಪಕ್ಕ.

ನಾಲ್ಕನೇ ತಾಕು ನೋಡಿ ಮಂಜುಳ ದಾರಿಯಲ್ಲೇ ನಿಂತಳು. ಬೊಡ್ಡೆಗಳ ನಡುವೆ ಹುಲ್ಲು ಮೊಣಕಾಲೆತ್ತರ ಹಸಿರಾಗಿ ನಿಂತಿತ್ತು. ಬೊಡ್ಡೆಗಳು ಮಾತ್ರ ಬೂದು ಬಣ್ಣಕ್ಕೆ ತಿರುಗಿ, ತಲೆಯ ಮೇಲೆ ಒಣಗಿದ ಕೆಸರು ಹೊತ್ತು ಕೂತಿದ್ದವು. ಕೊಡಲಿಯ ಏಟು ಒಂದೊಂದೂ ಓರೆಯಾಗಿ ಚೊಕ್ಕವಾಗಿತ್ತು.

“ಈ ಸಲ ಮೊದಲಿಗಿಂತ ಚೆಂದ ನೋಡಿಕೊಂಡ್ವಿ,” ಎಂದಳು ಸುಂಕಲಮ್ಮ. “ಕಡಿದ ಬಾಯಿ ಒಣಗಬಾರದು ಅಂತ ಡ್ರಮ್ಮಿನಾಗ ಕಲಸಿದ ಸಗಣಿ-ಕೆಮ್ಮಣ್ಣು ಬಳಿದ್ವಿ. ಕೂಸಿಗೆ ಎಣ್ಣಿ ಹಚ್ಚಿದಂಗ ಹಚ್ಚೀವ್ರಿ.”

ಮೂಡಣ ಮೂಲೆಯಲ್ಲಿ ಮಾತ್ರ ನಲವತ್ತು ಬೊಡ್ಡೆಗಳು ಗೊಂಚಲು ಗೊಂಚಲಾಗಿ ಚಿಗುರಿದ್ದವು. ಹಂಪಕ್ಕ ಅಲ್ಲಿ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಳು.

“ಇವು ಯಾವಾಗ ಕಡಿದದ್ದು?”

“ಕೊನೀ ದಿನ, ಒಂಬತ್ತನೇ ದಿನ. ಕಾವಲು ನೋಡ್ಕೊಳ್ಳೋ ಗಂಗರಾಜು ಅವನ ಶೆಡ್ಡಿನ ಮಾಲು ಹಾಕಾಕ ರಾಯದುರ್ಗಕ್ಕ ಹೋಗಿದ್ದ, ಹೇಳೋರು ಕೇಳೋರು ಇರಲಿಲ್ಲ. ಅವಸರದಾಗ ಕಡಿದು ಮನೀಗೆ ಹೋದ್ವಿ. ಆ ದೇವ್ರ ಆಟ ನೋಡ್ರಿ, ಅವೇ ಬದುಕ್ಯಾವು.”

ಅಷ್ಟರಲ್ಲಿ ಗಂಗರಾಜು ಏರಿ ಬಂದ. ಮೂವತ್ತೈದರ ಒಳಗಿನವನು, ಮಿತಭಾಷಿ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಏಳು ವರ್ಷ ದುಡಿದು ವಾಪಸ್ಸು ಬಂದು, ಊರಲ್ಲೇ ಶೆಡ್ಡು ಹಾಕಿ ಹನ್ನೆರಡು ಹೆಂಗಸರಿಗೆ ಜೀನ್ಸ್ ಹೊಲಿಯುವ ಕೆಲಸ ಕೊಟ್ಟಿದ್ದ. ಕರಾರಿನ ಕಾಗದ, ಬೇಲಿಯ ಬೀಗದ ಕೈ ಎಲ್ಲ ಅವನ ಹತ್ತಿರವೇ ಇದ್ದವು.

“ದಿಣ್ಣೆ ಆಚೆ ಐದನೇ ತಾಕಲ್ವಾ? ಒಂದು ಸಲ ನೋಡಬೇಕಲ್ಲ,” ಎಂದಳು ಹಂಪಕ್ಕ.

ಗಂಗರಾಜು ಕೈ ಮುಗಿದ. “ಸರದಿ ಬರೋ ತನಕ ಆ ತಾಕಿನಾಗ ಯಾರೂ ಕಾಲಿಡಂಗಿಲ್ರಿ. ಬೇಲಿ ನೋಡಾಕ ತಿಂಗಳಿಗೊಮ್ಮೆ ನಾನೊಬ್ಬನೇ ಹೋಗ್ತೀನಿ. ನಿಮಗೊಬ್ಬರಿಗೆ ಬಿಟ್ಟರ ನಾಳೆ ಎಲ್ಲಾರೂ ಕೇಳ್ತಾರ.”

ಸುಂಕಲಮ್ಮ ಹೆಮ್ಮೆಯಿಂದ ತಲೆಯಾಡಿಸಿದಳು. ಮಂಜುಳಳಿಗೂ ಅವನ ನೇರ ನಡೆ ಹಿಡಿಸಿತು.

ಇಳಿಯುವಾಗ ಮುತ್ತುರಾಜ್ ಸಿಕ್ಕ. ಸತ್ತ ಬೊಡ್ಡೆಗಳ ಫೋಟೊಗಳನ್ನು ಫೋನಿನಲ್ಲಿ ತುಂಬಿಕೊಂಡಿದ್ದ. ಕೇಳದಿದ್ದರೂ ಒಂದೊಂದಾಗಿ ತೋರಿಸಿದ. “ನೋಡ್ರಿ, ಕಾಡು ಉಳಿಸ್ತಾರಂತ!” ಎಂದು ನಕ್ಕ. ಆ ನಗೆ ಮಂಜುಳಳಿಗೆ ಬಿಲ್‌ಕುಲ್ ಸೇರಲಿಲ್ಲ. ಅವನೇ ಇರಬೇಕೆಂದು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟಳು.

ಪಾಲಯ್ಯ ಊರ ಹೊರಗೆ ತನ್ನ ಕುರಿರೊಪ್ಪದ ಮುಂದೆ ಗಂಟು ಕಟ್ಟುತ್ತಿದ್ದ. ಮಡಕಶಿರಾ ಕಡೆಯ ಅಮರಾಪುರದಿಂದ ಬಂದು ಹನ್ನೆರಡು ವರ್ಷವಾದರೂ ಊರಿಗೆ ಅವನು ಹೊರಗಿನವನೇ. ಕಡಿದ ತಾಕಿಗೆ ಒಮ್ಮೆ ಕುರಿ ನುಗ್ಗಿಸಿ ಬೈಸಿಕೊಂಡಿದ್ದ. ಬೊಡ್ಡೆ ಸಾಯಿಸಿದ ಕಳ್ಳ ಇವನೇ ಎಂದು ಸುಂಕಲಮ್ಮ ಊರ ಮುಂದೆ ಕೂಗಿದ ಮೇಲೆ, ಎರಡು ತಿಂಗಳಿಂದ ಗುಡ್ಡದ ತಪ್ಪಲಿಗೂ ಬರಬೇಡ ಎಂದುಬಿಟ್ಟಿದ್ದರು.

“ಕುರಿ ಮೇಯೋದು ಚಿಗುರು ಕಣಮ್ಮ. ಬೊಡ್ಡೆ ಸತ್ರೆ ನಂಗೇನು ಬಂತು?” ಎಂದ ಅವನು. “ಹೇಳುದ್ರೆ ಯಾರು ಕೇಳ್ತಾರೆ? ಊರ್ಗೆ ಹೊಂಟಿದೀನಿ.”

“ಒಂದು ವಾರ ತಡಿ ಪಾಲಯ್ಯ,” ಎಂದಳು ಹಂಪಕ್ಕ. “ಈಗ ಹೋದ್ರ ನೀನೇ ಮಾಡಿದಿ ಅಂತಾರ.”

ಮನೆಗೆ ಬಂದ ಹಂಪಕ್ಕ ಬೊಡ್ಡೆಗಳಿಂದ ಕೆರೆದು ತಂದ ಕೆಸರನ್ನು ನೀರಲ್ಲಿ ನೆನೆಸಿದಳು. ಎರಡು ಡಬ್ಬಿಗಳಲ್ಲಿ ಹೆಸರುಕಾಳು ಬಿತ್ತಿ, ಒಂದಕ್ಕೆ ಆ ನೀರು, ಇನ್ನೊಂದಕ್ಕೆ ನಲ್ಲಿಯ ನೀರು ಹಾಕಿದಳು. ಮಂಗಳವಾರ ಯೂನಿಟ್ಟಿನಲ್ಲಿ ಗಂಗರಾಜು ಶೆಡ್ಡಿನ ಮಾಲು ಟೇಬಲ್ಲಿಗೆ ಬಂತು. ಅವಳು ಎಂದಿನಂತೆ ಹೊಲಿಗೆ ನೋಡದೆ, ಪ್ಯಾಂಟುಗಳ ಜೇಬುಗಳನ್ನು ಒಳಹೊರಗು ಮಾಡಿ ಹಾಳೆಯ ಮೇಲೆ ಕೊಡವಿದಳು. ಕಂದು ಪುಡಿ ಉದುರಿತು. ಅದರಲ್ಲಿ ಉಗುರಿನಷ್ಟು ತೊಗಟೆಯ ಚೂರೂ ಇತ್ತು.

“ವಾಷಿಂಗ್ ಆದ ಮಾಲು ಇದು. ನೀರಿನಾಗ ತೊಳೆದ ಮ್ಯಾಲೆ ತೊಗಟಿ ಎಲ್ಲಿಂದ ಬಂತು, ಮಂಜು?”

“ತಂದ ವ್ಯಾನಿನಾಗಿಂದ ಬಂದಿರಬೇಕು.”

“ಹೌದಲ್ಲ,” ಎಂದು ಹಂಪಕ್ಕ ಪುಡಿಯನ್ನು ಹಾಳೆಯಲ್ಲೇ ಮಡಚಿಟ್ಟಳು. 

ಮುಂದಿನ ಭಾನುವಾರ ಕರೇಕಲ್ಲಿನ ಶಾಲೆಯ ಅಂಗಳದಲ್ಲಿ ಊರೇ ನೆರೆದಿತ್ತು. ಕಂಪನಿಯ ಇಬ್ಬರು ಮುತ್ತುರಾಜನ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ಪಾಲಯ್ಯ ಹೆಗಲಿಗೆ ತನ್ನ ಗಂಟು ಹಾಕಿಕೊಂಡು ದೂರದಲ್ಲಿ ನಿಂತೇ ಇದ್ದ. ಒಬ್ಬರ ಮುಖ ಒಬ್ಬರು ನೇರವಾಗಿ ನೋಡುತ್ತಿರಲಿಲ್ಲ. ಹಂಪಕ್ಕ ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟಳು. ಒಂದರಲ್ಲಿ ಹೆಸರಿನ ಸಸಿ ನಳನಳಿಸುತ್ತಿತ್ತು. ಇನ್ನೊಂದರಲ್ಲಿ ಸುರುಟಿ ಮಲಗಿತ್ತು.

“ಬೊಡ್ಡಿ ಬುಡದಾಗ ಹುಲ್ಲು ಹಸಿರೈತಿ. ಅಂದ್ರ ವಿಷ ನೆಲಕ್ಕ ಬಿದ್ದಿಲ್ಲ. ಕಪ್ಪು ಗೆರಿ ತಲಿಯಿಂದ ಕೆಳಗ ಇಳಿದಾವು. ಅಂದ್ರ ಕಡಿದ ಬಾಯಿಂದಲೇ ವಿಷ ಒಳಗ ಹೋಗೈತಿ, ಅದೂ ಒಂದೊಂದಕ್ಕೂ ತಪ್ಪದಂಗ. ಯಾರಾದ್ರೂ ಕದ್ದು ಬಂದು ಮುನ್ನೂರ ಅರವತ್ತು ಬೊಡ್ಡಿ ಹುಡುಕಿ ಹುಡುಕಿ ಹಚ್ಚಿದ್ರು ಅಂದ್ರ, ಮೂಡಣ ಮೂಲಿ ನಲವತ್ತನ್ನ ಯಾಕ ಬಿಟ್ರು?”

ಹಂಪಕ್ಕ ಸುರುಟಿದ ಸಸಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು.

“ಯಾಕಂದ್ರ ಯಾರೂ ಕದ್ದು ಬರಲಿಲ್ಲ. ಮೊದಲ ಮೂರು ವರ್ಷ ನೀವು ಕೆಸರು ಬಳಿದಿರಲಿಲ್ಲ, ಎಲ್ಲಾ ಚಿಗುರಿದುವು. ಈ ಸಲ ಬಳಿದವು ಸತ್ತುವು, ಬಳಿಯದಿದ್ದ ನಲವತ್ತು ಬದುಕಿದುವು. ಈ ಒಣಗಿದ ಸಸಿಗೆ ಹಾಕಿದ್ದು ಅದೇ ಕೆಸರಿನ ನೀರು. ಕಳೆ ಸುಡೋ ಔಷಧಿ ಅದರಾಗ ಕಲಸಿತ್ತು. ಸುಂಕಲಮ್ಮ, ಡ್ರಮ್ಮಿನಾಗ ಕೆಸರು ಕಲಸಿ ಕೊಡ್ತಿದ್ದೋರು ಯಾರು?”

 ಸುಂಕಲಮ್ಮ ಗಂಗರಾಜುವಿನ ಕಡೆ ತಿರುಗಿದಳು. ಅವಳ ಜೊತೆ ಎಲ್ಲರೂ ತಿರುಗಿದರು.

“ಗಿಡಕ್ಕ ಒಳ್ಳೇದಾಗಲಿ ಅಂತ ಹೇಳಿದೆ,” ಎಂದ ಗಂಗರಾಜು. ದನಿ ಇನ್ನೂ ಗಟ್ಟಿಯಾಗಿತ್ತು. “ಕಾಡು ಹಾಳಾದ್ರ ನನಗೇನು ಲಾಭ? ಲಾಭ ಇರೋರು ಕುರ್ಚಿ ಮ್ಯಾಲೆ ಕುಂತಾರ.”

“ನಾನೂ ಮೊದಲು ಅದನ್ನೇ ಅಂದ್ಕೊಂಡೆ. ಕಾಡು ಹೋದ್ರ ಯಾರಿಗೆ ಲಾಭ ಅಂತ ಊರೆಲ್ಲ ಯೋಚನಿ ಮಾಡಿತು. ನಾಲ್ಕನೇದು ಸತ್ತದ್ದರಿಂದ ಯಾವ ಕೆಲಸ ನಿಂತಿತು ಅಂತ ಯಾರೂ ಕೇಳಲಿಲ್ಲ. ನಿಂತದ್ದು ಒಂದೇ. ಬರೋ ಮಾಘಕ್ಕ ಐದನೇ ತಾಕಿನಾಗ ಊರೆಲ್ಲ ಕಾಲಿಡಬೇಕಿತ್ತು, ಅದು ನಿಂತಿತು.” ಹಂಪಕ್ಕ ಮಡಚಿದ ಹಾಳೆ ಬಿಚ್ಚಿದಳು. “ನಿನ್ನ ಮಾಲು ತರೋ ವಾಷಿಂಗ್ ವ್ಯಾನಿನಾಗ ಕಮರದ ತೊಗಟಿ ಯಾಕೈತಿ? ಪ್ಯಾಂಟು ತೊಳಿಯೋ ವಾಷಿಂಗಿನವರ ಬಾಯ್ಲರಿಗೆ ಕಟ್ಟಿಗಿ ಬೇಕಲ್ಲ, ಆ ವ್ಯಾನಿನಾಗ ಊರಿಂದ ಬರೇ ಪ್ಯಾಂಟು ಹೋಗ್ತಿರಲಿಲ್ಲ. ನಾನು ಹೇಳಿದ್ದು ಸುಳ್ಳಾದ್ರ ಬೀಗ ತಗಿ. ಈಗಲೇ ಎಲ್ಲಾರೂ ಹೋಗೋಣ.”

ಗಂಗರಾಜು ಜೇಬಿಗೆ ಕೈ ಹಾಕಿದ. ಬೀಗದ ಕೈ ಹೊರಗೆ ಬಂತು. ಆದರೆ ಅವನು ಎದ್ದು ನಿಲ್ಲಲಿಲ್ಲ. ಮುತ್ತುರಾಜ್ ಅದನ್ನು ಇಸಿದುಕೊಂಡ.

ದಿಣ್ಣೆ ದಾಟಿದಾಗ ಮುಂದಿದ್ದ ಹೆಂಗಸರು ಗಕ್ಕನೆ ನಿಂತರು. ಬೀಜಕ್ಕೆಂದು ಬಿಟ್ಟಿದ್ದ ಕಮರದ ಮರಗಳಲ್ಲಿ ಒಂದೂ ಇರಲಿಲ್ಲ. ತೊಡೆಯೆತ್ತರದಲ್ಲಿ ಗರಗಸ ಆಡಿಸಿದ ಮಟ್ಟಸ ಬೊಡ್ಡೆಗಳು ಬಿಸಿಲಿಗೆ ಬಿರುಕು ಬಿಟ್ಟಿದ್ದವು. ಹಿಂಬದಿಯ ಬೇಲಿಯ ಬಾಗಿಲಿಂದ ಬಂಡಿದಾರಿಗೆ ಗಾಲಿಯ ಗುರುತು ಇಳಿದಿತ್ತು. ಗರಗಸದ ಸದ್ದು ದಿಣ್ಣೆ ಹತ್ತಿ ಊರಿಗೆ ಬಂದಿರಲಿಲ್ಲ. ಉಚ್ಚಂಗೆಪ್ಪ ಮೇಷ್ಟ್ರು ಒಂದು ಬೊಡ್ಡೆಯ ಮೇಲೆ ಅಂಗೈ ಇಟ್ಟು ಹಾಗೇ ನಿಂತರು.

ಗಂಗರಾಜು ಕೊನೆಯವನಾಗಿ ಬಂದ.

“ಮೊದಲ ಸಲ ಎರಡೇ ಮರ ಅಂದ್ಕೊಂಡೆ,” ಎಂದ. “ಕಟ್ಟಿಗಿ ಕೊಡ್ದಿದ್ರ ಮಾಲು ತಗೊಳ್ಳಂಗಿಲ್ಲ ಅಂದ್ರು ವಾಷಿಂಗಿನವರು. ಶೆಡ್ಡು ಮುಚ್ಚಿದ್ರ ಹನ್ನೆರಡು ಹೆಣ್ಮಕ್ಕಳು ಬೆಂಗಳೂರಿಗೆ ಹೋಗಬೇಕಿತ್ತು. ನಾನು ಆ ರೂಮು, ಆ ಲೈನು ಕಂಡೀನಿ. ನಿನ್ನ ಸೊಸೀನೂ ಹೋಗ್ತಿದ್ಲು, ಸುಂಕಲಮ್ಮತ್ತಿ. ಒಂದೆರಡು ವರ್ಷ ತಡದ್ರ ಹೆಂಗಾದ್ರೂ ಮಾಡಿ ಸರಿ ಮಾಡ್ತೀನಿ ಅಂದ್ಕೊಂಡೆ. ಗುಡ್ಡಾನೇ ಮಾರೋ ಮಾತು ಬರ್ತೈತಿ ಅಂತ ತಿಳೀಲಿಲ್ಲ.”

“ನನ್ನ ಸೊಸಿ ಹೆಸರು ತಗೀಬ್ಯಾಡ.” ಸುಂಕಲಮ್ಮ ಎರಡೂ ಅಂಗೈ ಮುಂದೆ ಚಾಚಿದಳು. “ಮರ ಕಡದಿದ್ದು ಕಡದಿ. ಆ ವಿಷ ನಮ್ಮ ಕೈಲೇ ಬಳಿಸಿದಿಯಲ್ಲೋ. ಈ ಕೈಲೇ ಬಳಿದೆ ನಾನು.”

 ಮಂಜುಳ ಬೇರೆ ಕಡೆ ನೋಡಿದಳು. ಗಂಗರಾಜುವಿನ ಶೆಡ್ಡಿನಂಥ ಶೆಡ್ಡು ತನ್ನ ಊರಲ್ಲಿ ಇದ್ದಿದ್ದರೆ ತಾನೂ ಮೂರು ವರ್ಷ ಬೆಂಗಳೂರಿನಲ್ಲಿ ಇರಬೇಕಾಗಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮುತ್ತುರಾಜನ ಮೇಲೆ ಸುಮ್ಮನೆ ಅನುಮಾನಪಟ್ಟದ್ದೂ ನೆನಪಾಗಿ ನಾಚಿಕೆಯಾಯಿತು.

ಕಂಪನಿಯವರನ್ನು ಮೇಷ್ಟ್ರು ಅಲ್ಲಿಂದಲೇ ಕಳಿಸಿಕೊಟ್ಟರು. ಪೊಲೀಸರಿಗೆ ಹೇಳುವ ಮಾತು ಬಂತು. ಹಂಪಕ್ಕ, “ಅದು ನಿಮ್ಮ ಗುಡ್ಡ, ನಿಮ್ಮ ಊರು. ಹುಡುಕೋದು ನನ್ನ ಕೆಲಸ, ತೀರ್ಪು ನನ್ನದಲ್ಲ,” ಎಂದಳು. ಮಧ್ಯಾಹ್ನದವರೆಗೆ ಮಾತು ನಡೆಯಿತು. ಗಂಗರಾಜು ಕಾಗದ, ಬೀಗದ ಕೈ ಎರಡನ್ನೂ ಒಪ್ಪಿಸಿದ. ಸತ್ತ ಬೊಡ್ಡೆಗಳ ಜಾಗದಲ್ಲೆಲ್ಲ ಸಸಿ ನೆಟ್ಟು ಮೂರು ಬೇಸಿಗೆ ನೀರು ಹೊರುವುದು ಅವನ ಪಾಲಿಗೆ ಬಂತು. ಶೆಡ್ಡನ್ನು ಆ ಹನ್ನೆರಡು ಹೆಂಗಸರೇ ಕೂಡಿ ನಡೆಸಬೇಕು, ಗುಡ್ಡದ ಸೌದೆ ಸರದಿಯಲ್ಲಿ ಬಂದಷ್ಟೇ ಹೊರಗೆ ಹೋಗಬೇಕು ಎಂದಾಯಿತು. ಮುಚ್ಚಿದ ತಾಕಿಗೆ ಇನ್ನು ಮೇಲೆ ಒಬ್ಬರೇ ಹೋಗುವಂತಿಲ್ಲ. ತಿಂಗಳಿಗೊಮ್ಮೆ ನಾಲ್ಕು ಮನೆಯವರು ಕೂಡಿ ಸುತ್ತಿ ಬರಬೇಕು. ಮೇಷ್ಟ್ರು ಈ ಮಾತುಗಳನ್ನು ಕರಾರಿಗೆ ಸೇರಿಸಿ ಸಹಿ ಹಾಕಿದರು.

ಎಲ್ಲರೂ ಇಳಿಯುವಾಗ ಪಾಲಯ್ಯ ಇನ್ನೂ ದೂರದಲ್ಲೇ ಇದ್ದ. ಸುಂಕಲಮ್ಮ ಅವನ ಹತ್ತಿರ ಹೋಗಿ ಮೆಲ್ಲಗೆ, “ತಪ್ಪಾತು ಪಾಲಯ್ಯ. ನಾಳಿಂದ ತಪ್ಪಲಿಗೆ ಕುರಿ ಹೊಡ್ಕೊಂಡು ಬಾ,” ಎಂದಳು.

ಪಾಲಯ್ಯ ಕದಲಲಿಲ್ಲ. “ಕಳ್ಳ ಅಂದಾಗ ಊರೆಲ್ಲ ಕೇಳ್ತಿತ್ತು ಕಣಮ್ಮ. ಇದ್ನ ಮಾತ್ರ ಕಿವೀಲಿ ಹೇಳ್ತಿದೀಯಲ್ಲ.”

 ಸುಂಕಲಮ್ಮ ಸೆರಗು ಬಿಗಿದು, ಇಳಿಯುತ್ತಿದ್ದ ಜನರ ಕಡೆ ತಿರುಗಿ, “ನಿಲ್ರಿ ಎಲ್ಲಾರೂ!” ಎಂದು ಕೂಗಿದಳು. ಜನ ನಿಂತರು. “ಪಾಲಯ್ಯ ಕಳ್ಳ ಅಲ್ಲ. ಅವನ್ನ ಕಳ್ಳ ಅಂದೋಳು ನಾನು. ಸುಳ್ಳು ಹೇಳಿದ್ದು ನಾನು.”

ಪಾಲಯ್ಯ ಹೆಗಲ ಮೇಲಿನ ಗಂಟು ಕೆಳಗಿಳಿಸಿದ.